ಕೇಳುವವರನ್ನು ಕೇಳುವವರು ಯಾರು?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಫೋನ್ ಕದ್ದಾಲಿಕೆಯ ಹೊಸ ನಿಯಮಗಳ ಬಗ್ಗೆ ನೀವು ಬರೆದ ಟಿಪ್ಪಣಿ ಓದಿ ಬೇಸರವಾಯಿತು. ದೇಶ ಉಳಿದರೆ ತಾನೇ ನಾಗರಿಕ ಹಕ್ಕು? ಉಗ್ರನೊಬ್ಬ ಬಾಂಬ್ ಇಡಲು ಹೊರಟಿರುವಾಗ ಪೊಲೀಸರು ಸಹಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕೇ? ನಾವೇ ಆರಿಸಿ ಕಳಿಸಿದ ನಾಯಕರನ್ನು ನಾವೇ ನಂಬದಿದ್ದರೆ ಹೇಗೆ? ಬೇಕಿದ್ದರೆ ನನ್ನ ಫೋನನ್ನು ಇಪ್ಪತ್ನಾಲ್ಕು ಗಂಟೆಯೂ ಕೇಳಿಸಿಕೊಳ್ಳಲಿ. ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? (ದಯವಿಟ್ಟು ನನ್ನ ಹೆಸರು, ಊರು ಪ್ರಕಟಿಸಬೇಡಿ.)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ, ಮೊದಲು ಅದನ್ನು ಒಪ್ಪಿಬಿಡುತ್ತೇನೆ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ನಡೆದಾಗ, ಒಳಗಿದ್ದ ಹಂತಕರಿಗೂ ದೂರದಲ್ಲಿ ಕೂತು ಅವರನ್ನು ಆಡಿಸುತ್ತಿದ್ದವರಿಗೂ ನಡೆದ ಮಾತುಕತೆ ಆಗಿಂದಾಗಲೇ ಪೊಲೀಸರ ಕಿವಿಗೆ ಬಿತ್ತು. ಮುಂದೆ ಕಸಬ್ ವಿಚಾರಣೆಯಲ್ಲಿ ಅದು ಸಾಕ್ಷ್ಯವಾಗಿಯೂ ಬಂತು. ಕದ್ದಾಲಿಕೆಯೇ ಕೂಡದು ಎಂದು ನಾವು ಬರೆದಿರಲಿಲ್ಲ, ಬರೆಯುವುದೂ ಇಲ್ಲ.

ಆದರೆ ಸಹಿಗಾಗಿ ಅಲೆದಾಟ ಎಂದಿರಲ್ಲ, ಆ ಭಾಗವನ್ನು ನೀವು ಟೀವಿ ಚರ್ಚೆಯಿಂದ ಎತ್ತಿಕೊಂಡಂತಿದೆ. ನಿಯಮ ಹೇಳುವುದೇ ಬೇರೆ. ಸಾಮಾನ್ಯವಾಗಿ ಆದೇಶ ಕೊಡಬೇಕಾದವರು ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ರಾಜ್ಯದ ಗೃಹ ಕಾರ್ಯದರ್ಶಿ. ತುರ್ತಿದ್ದರೆ ಅವರನ್ನು ಕಾಯಬೇಕಿಲ್ಲ. ಕೇಂದ್ರ ಸಂಸ್ಥೆಯ ಮುಖ್ಯಸ್ಥ ಅಥವಾ ಅವನ ನಂತರದ ಅಧಿಕಾರಿ, ರಾಜ್ಯದಲ್ಲಾದರೆ ಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ತಾನೇ ಆದೇಶ ಹೊರಡಿಸಿ ಕೇಳಲು ಶುರು ಮಾಡಬಹುದು. ಮೂರು ಕೆಲಸದ ದಿನಗಳೊಳಗೆ ಮೇಲಿನವರಿಗೆ ತಿಳಿಸಬೇಕು, ಏಳು ಕೆಲಸದ ದಿನಗಳೊಳಗೆ ಅವರ ಒಪ್ಪಿಗೆ ಬಾರದಿದ್ದರೆ ನಿಲ್ಲಿಸಬೇಕು. ನಡುವೆ ರಜೆಗಳು ಬಂದರೆ ಇದು ಹತ್ತು ದಿನಕ್ಕೂ ಎಳೆಯುತ್ತದೆ. ಬಾಂಬು ಹತ್ತು ದಿನ ಕಾಯುವುದಿಲ್ಲ, ಸರಿ. ಅದಕ್ಕೇ ಪೊಲೀಸರನ್ನೂ ಕಾಯಿಸುವುದಿಲ್ಲ. ಕಾಗದಪತ್ರವೆಲ್ಲ ಆಮೇಲೆ. ಆ ‘ಆಮೇಲೆ’ ಏನಾಗುತ್ತದೆ ಎನ್ನುವುದಷ್ಟೇ ನಮ್ಮ ತಕರಾರು.

ಈ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಸಾರ್ವಜನಿಕ ತುರ್ತು ಸ್ಥಿತಿಯಲ್ಲಿ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ, ಕಾರಣವನ್ನು ಬರಹದಲ್ಲಿ ದಾಖಲಿಸಿ, ಸಂದೇಶ ತಡೆಯಬಹುದು ಎಂದು ಅದರ 5(2)ನೇ ಕಲಂ ಹೇಳುತ್ತಿತ್ತು. ಅಧಿಕಾರವೇನೋ ಇತ್ತು. ದುರುಪಯೋಗ ತಡೆಯಲು ನಿಯಮ ಮಾಡಿ ಎಂದು ಅದೇ ಕಾಯ್ದೆ ಹೇಳಿದ್ದರೂ ನೂರು ವರ್ಷ ದಾಟುವವರೆಗೆ ಯಾವ ಸರ್ಕಾರವೂ ಅದನ್ನು ಮಾಡಲಿಲ್ಲ. ಬ್ರಿಟಿಷರು ಮಾಡಲಿಲ್ಲ ಎಂದರೆ ಅರ್ಥವಾಗುತ್ತದೆ. ಆಮೇಲೆ ಬಂದವರಿಗೂ ಆ ಸುಖ ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್ 18ರಂದು, ಸುಪ್ರೀಂ ಕೋರ್ಟೇ ತಾತ್ಕಾಲಿಕ ನಿಯಮ ಬರೆದುಕೊಡಬೇಕಾಯಿತು. ಟೆಲಿಗ್ರಾಫ್ ನಿಯಮಗಳಲ್ಲಿ 419ಎ ಎಂಬ ವಿವರವಾದ ನಿಯಮ ಈ ರೂಪದಲ್ಲಿ ಬಂದದ್ದು 2007ರಲ್ಲಿ. 2023ರ ದೂರಸಂಪರ್ಕ ಕಾಯ್ದೆ, ಅದರಡಿ 2024ರ ಡಿಸೆಂಬರಿನಲ್ಲಿ ಬಂದ ನಿಯಮಗಳು ಹೊಸ ಹೆಸರು ಹೊತ್ತಿವೆ, ಹಂದರ ಹಳೆಯದೇ.

ಕಾಗದದ ಮೇಲೆ ಆ ಹಂದರ ಚೆನ್ನಾಗಿಯೇ ಇದೆ. ಬೇರೆ ದಾರಿಯಲ್ಲಿ ಮಾಹಿತಿ ಸಿಗುವಂತಿದ್ದರೆ ಕದ್ದಾಲಿಕೆ ಬೇಡ. ಆದೇಶದ ಆಯುಸ್ಸು 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಪ್ರತಿ ಆದೇಶದ ಪ್ರತಿ ಏಳು ಕೆಲಸದ ದಿನಗಳೊಳಗೆ ಪರಿಶೀಲನಾ ಸಮಿತಿಗೆ ಹೋಗಬೇಕು. ಕೇಂದ್ರದ ಸಮಿತಿಗೆ ಸಂಪುಟ ಕಾರ್ಯದರ್ಶಿ, ರಾಜ್ಯದ ಸಮಿತಿಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಜೊತೆಗೆ ಕಾನೂನು ಇಲಾಖೆಯ ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮೂವರೂ ಕಾರ್ಯದರ್ಶಿಗಳೇ ಎಂಬುದನ್ನು ಗಮನಿಸಿದಿರಾ? ಆದೇಶ ಕೊಟ್ಟವರೂ ಕಾರ್ಯದರ್ಶಿ, ಅದನ್ನು ತೂಗುವವರೂ ಕಾರ್ಯದರ್ಶಿಗಳು. ನ್ಯಾಯಾಧೀಶರಿಲ್ಲ, ವಿರೋಧ ಪಕ್ಷದವರಿಲ್ಲ, ಹೊರಗಿನ ಒಂದು ನರಪಿಳ್ಳೆಯೂ ಇಲ್ಲ.

ಇನ್ನು ಲೆಕ್ಕಕ್ಕೆ ಬನ್ನಿ. ಕೇಂದ್ರವೊಂದೇ ತಿಂಗಳಿಗೆ ಸುಮಾರು 7,500ರಿಂದ 9,000 ಆದೇಶ ಹೊರಡಿಸುತ್ತದೆ ಎಂದು ಆರ್‌ಟಿಐ ಉತ್ತರವೊಂದನ್ನು ಆಧರಿಸಿ ನ್ಯಾ. ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಬರೆಯಿತು. 9,000ವನ್ನು 25 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 360. ಗೃಹ ಕಾರ್ಯದರ್ಶಿ ಊಟ, ಸಭೆ, ಫೋನು ಎಲ್ಲ ಬಿಟ್ಟು ಹತ್ತು ಗಂಟೆ ಇದನ್ನೇ ಮಾಡುತ್ತ ಕೂತರೂ ಒಂದು ಆದೇಶಕ್ಕೆ ಸಿಗುವುದು 100 ಸೆಕೆಂಡು. ಪರಿಶೀಲನಾ ಸಮಿತಿಯ ಪಾಡು ಇನ್ನೂ ಚೆಂದ. ಎರಡು ತಿಂಗಳ ರಾಶಿ 18,000. ಆರು ಗಂಟೆ ಸಭೆ ನಡೆಸಿದರೆ ಒಂದಕ್ಕೆ 1.2 ಸೆಕೆಂಡು. ಅಷ್ಟರಲ್ಲಿ ಫೈಲಿನ ದಾರ ಬಿಚ್ಚಲೂ ಆಗುವುದಿಲ್ಲ. ಇದನ್ನೇ ನೀವು ನಂಬಿಕೆ ಎನ್ನುತ್ತಿರುವುದು.

ಓದದೆ ಸಹಿ ಬಿದ್ದರೆ ಆಗುವುದೇನು? ಕಾರ್ಯದರ್ಶಿಯ ಮುಂದೆ ಬರುವುದು ಮುಖ್ಯವಾಗಿ ನಂಬರುಗಳ ಪಟ್ಟಿ, ಜೊತೆಗೊಂದು ಸಿದ್ಧ ಕಾರಣ. ಹತ್ತು ನಂಬರಿನ ನಡುವೆ ಹನ್ನೊಂದನೆಯದನ್ನು ಸೇರಿಸಿದರೆ, ಅದು ಯಾರದೆಂದು ಹತ್ತು ಅಂಕಿ ನೋಡಿ ಹೇಳುವವರುಂಟೇ? ಇದನ್ನು ತಡೆಯಲೆಂದೇ ಟೆಲಿಕಾಂ ಕಂಪನಿಯಲ್ಲಿ ನೋಡಲ್ ಅಧಿಕಾರಿ ಎಂಬ ಹುದ್ದೆ ಮಾಡಿದರು. ಆದೇಶ ತಲುಪಿದ ಎರಡು ಗಂಟೆಯೊಳಗೆ ಆತ ಸ್ವೀಕೃತಿ ಕೊಡಬೇಕು, 15 ದಿನಕ್ಕೊಮ್ಮೆ ತನಗೆ ಬಂದ ಆದೇಶಗಳ ಪಟ್ಟಿ ಕಳಿಸಿ ‘ಇವೆಲ್ಲ ನಿಮ್ಮವೇ ತಾನೇ’ ಎಂದು ಖಚಿತಪಡಿಸಿಕೊಳ್ಳಬೇಕು.

ಇದು ಎಷ್ಟು ಮುಖ್ಯ ಎಂಬುದಕ್ಕೆ ಅಮರ್ ಸಿಂಗ್ ಪ್ರಕರಣ ಓದಿ. 2005ರಲ್ಲಿ ಆ ರಾಜಕಾರಣಿಯ ಫೋನ್ ಕದ್ದಾಲಿಕೆ ನಡೆದದ್ದು ದೆಹಲಿ ಸರ್ಕಾರ, ಪೊಲೀಸರ ಹೆಸರಿನ ಖೊಟ್ಟಿ ಪತ್ರಗಳ ಮೇಲೆ. ಪತ್ರದಲ್ಲಿ ಎದ್ದು ಕಾಣುವಂಥ ತಪ್ಪುಗಳಿದ್ದವು. ಆದರೂ ಖಾಸಗಿ ಕಂಪನಿಯೊಂದು ತಿರುಗಿ ಒಂದು ಮಾತು ಕೇಳದೆ ಲೈನು ಕೊಟ್ಟಿತು. ಅಧಿಕೃತ ಪತ್ರದಲ್ಲಿ ಇಷ್ಟು ತಪ್ಪುಗಳಿರುವಾಗ ಅನುಮಾನವೇ ಬರಲಿಲ್ಲವೇ ಎಂಬ ಅರ್ಥದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಗೆ ಛೀಮಾರಿ ಹಾಕಿತು. ಈಗ ಕೇಂದ್ರೀಕೃತ ನಿಗಾ ವ್ಯವಸ್ಥೆ ಬಂದಿದೆ, ಕಂಪನಿಯ ಸಿಬ್ಬಂದಿಯ ಕೈ ತಾಗದೆಯೇ ತನಿಖಾ ಸಂಸ್ಥೆ ನೇರವಾಗಿ ಕೇಳಬಹುದು. ಗುಟ್ಟು ಸೋರುವುದು ಕಡಿಮೆಯಾಗುತ್ತದೆ ಎಂಬ ಸಮರ್ಥನೆ ಸುಳ್ಳಲ್ಲ. ಕಾಗುಣಿತ ತಪ್ಪು ಕಂಡು ‘ತಡೀರಿ ಸಾರ್’ ಎನ್ನಬಹುದಾಗಿದ್ದ ಆ ಒಬ್ಬನೂ ಅದರ ಜೊತೆಗೇ ಹೋದ.

ತಪ್ಪು ಮಾಡದವನಿಗೆ ಭಯವೇಕೆ ಎಂದಿರಿ. 2019ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಒಂದು ಲಂಚದ ಮೊಕದ್ದಮೆಯಲ್ಲಿ ಗೃಹ ಸಚಿವಾಲಯದ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿತು. ಇಲ್ಲಿ ಸಾರ್ವಜನಿಕ ತುರ್ತೂ ಇಲ್ಲ, ಸುರಕ್ಷತೆಯ ಪ್ರಶ್ನೆಯೂ ಇಲ್ಲ, ಧ್ವನಿಮುದ್ರಣ ನಾಶ ಮಾಡಿ ಎಂದಿತು. ತನ್ನ ಫೋನ್ ಕೇಳಿದ್ದಾರೆಂದು ಆ ಆರೋಪಿಗೆ ಗೊತ್ತಾದದ್ದು ಹೇಗೆ? ದೋಷಾರೋಪ ಪಟ್ಟಿಯ ಜೊತೆ ಧ್ವನಿಮುದ್ರಣವೂ ಬಂದದ್ದರಿಂದ. ಆರೋಪಪಟ್ಟಿ ಸಲ್ಲಿಕೆಯಾದವನಿಗೆ ಮಾತ್ರ ಪ್ರಶ್ನಿಸುವ ಅವಕಾಶ. ನಿಮ್ಮಂಥ ನಿರಪರಾಧಿಯ ಫೋನನ್ನು ಆರು ತಿಂಗಳು ಕೇಳಿ, ಏನೂ ಸಿಗದೆ ಬಿಟ್ಟರೆ ನಿಮಗೆ ಯಾವ ನೋಟಿಸೂ ಬರುವುದಿಲ್ಲ. ಜರ್ಮನಿಯಲ್ಲಿ ಕೆಲಸ ಮುಗಿದು ಗುಟ್ಟಿನ ಅಗತ್ಯ ತೀರಿದ ಮೇಲೆ ಸಂಬಂಧಪಟ್ಟವನಿಗೆ ತಿಳಿಸಬೇಕೆಂಬ ಕಾನೂನಿದೆ. ನಮ್ಮಲ್ಲಿ ಅದಿಲ್ಲ. ಸಾಲದ್ದಕ್ಕೆ, ನಿಯಮ ಮೀರಿ ಸಂಪಾದಿಸಿದ ಸಾಕ್ಷ್ಯವೂ ಪ್ರಸ್ತುತವಾಗಿದ್ದರೆ ನಡೆದೀತು ಎಂಬ 1970ರ ದಶಕದ ತೀರ್ಪುಗಳು ಇನ್ನೂ ಚಲಾವಣೆಯಲ್ಲಿವೆ. ನಿಯಮ ಮುರಿದವನಿಗೆ ನಷ್ಟವೇ ಇಲ್ಲದ ಮೇಲೆ ಪಾಲಿಸುವ ಉಸಾಬರಿ ಯಾರಿಗೆ ಬೇಕು?

ನಾಯಕರನ್ನು ನಂಬಬೇಕೆಂಬ ನಿಮ್ಮ ಮಾತಿಗೆ ನಮ್ಮ ರಾಜ್ಯದ ಇತಿಹಾಸವೇ ಉತ್ತರ ಕೊಟ್ಟಿದೆ. ಮೌಲ್ಯಾಧಾರಿತ ರಾಜಕಾರಣ ಎಂದ ಕೂಡಲೇ ಒಂದು ಕಾಲದಲ್ಲಿ ಕಣ್ಮುಂದೆ ಬರುತ್ತಿದ್ದದ್ದು ರಾಮಕೃಷ್ಣ ಹೆಗಡೆ. 1988ರ ಆಗಸ್ಟಿನಲ್ಲಿ ಅವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಗದ್ದಲದಲ್ಲೇ. ಮೂರು ವರ್ಷ ಕಳೆಯುವುದರೊಳಗೆ, ರಾಜೀವ್ ಗಾಂಧಿ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ಬೇಹು ನಡೆಸುತ್ತಿದ್ದರೆಂಬ ಆರೋಪದಿಂದ ಶುರುವಾದ ಜಗಳ ಚಂದ್ರಶೇಖರ್ ಸರ್ಕಾರವನ್ನೇ ಕೆಡವಿತು. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಅರುಣ್ ಜೇಟ್ಲಿಯವರ ಕರೆ ದಾಖಲೆಯನ್ನು ಅಕ್ರಮವಾಗಿ ತೆಗೆಸಿದ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಒಬ್ಬ ಕಾನ್‌ಸ್ಟೇಬಲ್ಲನೂ ಇದ್ದ. ನೀವು ನಂಬುವುದು ನಾಯಕನನ್ನು, ಕೀಲಿಮಣೆ ಇರುವುದು ಕಾನ್‌ಸ್ಟೇಬಲ್ಲನ ಮುಂದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಸಾಲದ ವಿಷಯಕ್ಕೆ ಹೇಳಿದ್ದು ಅಧಿಕಾರದ ವಿಷಯಕ್ಕೂ ಸಲ್ಲುತ್ತದೆ.

ಒಂದು ವಿಚಿತ್ರ ನೋಡಿ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ತಮ್ಮ ಫೋನಿನ ಚಿಂತೆ. ಗದ್ದುಗೆ ಏರಿದ ಮೇಲೆ ಯಾರೊಬ್ಬರೂ ಈ ನಿಯಮಕ್ಕೆ ಹಲ್ಲು ಕೂಡಿಸುವುದಿಲ್ಲ. ಗುಪ್ತಚರ ಸಂಸ್ಥೆಗಳು ಸಂಸತ್ತಿಗೆ ಉತ್ತರ ಹೇಳುವಂತಾಗಲಿ ಎಂದು 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ಅವರದೇ ಪಕ್ಷ ಅಧಿಕಾರದಲ್ಲಿದ್ದರೂ ಅದು ಕಾನೂನಾಗಲಿಲ್ಲ. ನಂಬುವ ಚಟ ನ್ಯಾಯಮೂರ್ತಿಗಳನ್ನೂ ಬಿಟ್ಟಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಬಂಧನದಲ್ಲಿರುವವರು ಕೋರ್ಟಿಗೆ ಬರುವಂತಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಅವರಲ್ಲಿ ಒಬ್ಬರಾದ ನ್ಯಾ. ಬೇಗ್, ಬಂಧಿತರ ಬಗ್ಗೆ ಸರ್ಕಾರದ ಕಾಳಜಿ ತಾಯಿಯ ಅಕ್ಕರೆಗೆ ಹತ್ತಿರವಾದದ್ದು ಎಂದು ಬರೆದರು. ಒಪ್ಪದೆ ಒಂಟಿಯಾಗಿ ನಿಂತವರು ನ್ಯಾ. ಎಚ್.ಆರ್. ಖನ್ನಾ. ಮುಂದಿನ ಜನವರಿಯಲ್ಲಿ ಖನ್ನಾ ಅವರನ್ನು ಹಿಂದಿಕ್ಕಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಅಳಿಸಿಹಾಕಿದ್ದು 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದ ಪುಟ್ಟಸ್ವಾಮಿ ಮೊಕದ್ದಮೆಯಲ್ಲಿ. ಆ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು ಎಂಬುದು ನಮ್ಮವರಿಗೇ ನೆನಪಿದ್ದಂತಿಲ್ಲ.

ನಾವು ಕೇಳುತ್ತಿರುವುದು ಬಹಳವಿಲ್ಲ. ಸಮಿತಿಯಲ್ಲಿ ಒಬ್ಬ ನ್ಯಾಯಾಧೀಶರು, ಎಷ್ಟು ಆದೇಶ ಕೊಟ್ಟರು, ಎಷ್ಟು ತಿರಸ್ಕರಿಸಿದರು ಎಂಬ ವಾರ್ಷಿಕ ಅಂಕಿ, ತನಿಖೆ ಮುಗಿದ ಮೇಲೆ ನಿರಪರಾಧಿಗೊಂದು ಪತ್ರ. ಇದರಿಂದ ಯಾವ ಉಗ್ರನೂ ತಪ್ಪಿಸಿಕೊಳ್ಳುವುದಿಲ್ಲ.

ನಿಮ್ಮ ಕೋರಿಕೆಯಂತೆ ಹೆಸರು, ಊರು ಎರಡನ್ನೂ ಕೈಬಿಟ್ಟಿದ್ದೇವೆ. ಯಾಕೆ ಎಂದು ಕೇಳುವುದಿಲ್ಲ.