ಡಾಕ್ಟ್ರನ್ನ ಕೇಳಿ: ಹಾಸ್ಪೀಸ್ ಅಂದ್ರೆ ಕೈ ಬಿಟ್ಟಂಗಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾನು ದಾವಣಗೆರೆ ಕಡೆಯವಳು, ಈಗ ಅಮೆರಿಕಾದ ಬಾಲ್ಟಿಮೋರ್‌ನಲ್ಲಿ ನರ್ಸ್. ನಮ್ಮ ವಾರ್ಡಲ್ಲಿ ಕಪ್ಪು ಜನಾಂಗದ ಅಜ್ಜಿ ಒಬ್ರಿದಾರೆ, ಕ್ಯಾನ್ಸರ್ ಎಲ್ಲಾ ಕಡೆ ಹರಡಿದೆ, ಇನ್ನು ಕೀಮೋದಿಂದ ಉಪಯೋಗ ಇಲ್ಲ ಹಾಸ್ಪೀಸ್‌ಗೆ (ಕೊನೇ ದಿನಗಳಲ್ಲಿ ನೋವಿಲ್ದಂಗೆ ನೋಡ್ಕೊಳ್ಳೋ ಆರೈಕೆ) ಸೇರ್ಸಿ ಅಂದ್ರೆ ಮಗಳು "ನಮ್ಮಮ್ಮನ್ನ ಕೈ ಬಿಡ್ತಿದೀರಾ" ಅಂತ ಜಗಳಕ್ಕೇ ನಿಲ್ತಾರೆ, ಡಿಎನ್ಆರ್ (ಹೃದಯ ನಿಂತ್ರೆ ಮತ್ತೆ ಬದುಕಿಸೋ ಪ್ರಯತ್ನ ಬೇಡ ಅನ್ನೋ) ಪೇಪರ್ ಮುಟ್ಟೋದೂ ಇಲ್ಲ. ಚೆನ್ನಾಗಿ ಓದಿದವ್ರೇ, ಮತ್ಯಾಕೆ ಇಷ್ಟು ಹಠ? — ಹೆಸರು ಬೇಡ

ಉತ್ತರ: ಹಠ ಅನ್ನೋ ಮಾತನ್ನ ಮೊದ್ಲು ಪಕ್ಕಕ್ಕಿಡಿ ಸಿಸ್ಟರ್. ನೀವಿರೋ ಊರಲ್ಲೇ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಕಪ್ಪು ಹೆಣ್ಮಗಳು ಕ್ಯಾನ್ಸರ್ ಅಂತ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ ಒಂದು ಮಾತೂ ಕೇಳ್ದೆ ಗಡ್ಡೆ ಚೂರು ತೆಗ್ದು ಲ್ಯಾಬಿಗೆ ಕೊಟ್ರು, ಆ ಜೀವಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೀತಿವೆ, ಆಯಮ್ಮ ಮಾತ್ರ ಅದೇ ವರ್ಷ 31ಕ್ಕೇ ಹೋಗ್ಬಿಟ್ರು, ಮನೆಯವ್ರಿಗೆ ಇಪ್ಪತ್ತು ವರ್ಷ ಸುದ್ದೀನೇ ಇಲ್ಲ. ಅಲಬಾಮಾದ ಟಸ್ಕೀಗಿ ಇನ್ನೂ ಘೋರ. 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡ್ತಿದೀವಿ ಅಂತ ನಂಬ್ಸಿ ರೋಗ ಹೆಂಗೆ ಬೆಳ್ಯುತ್ತೆ ಅಂತ ನೋಡ್ತಾ ಕೂತಿತ್ತು, ಪೆನ್ಸಿಲಿನ್ ಬಂದ್ಮೇಲೂ ಕೊಡ್ಲಿಲ್ಲ, ಮೇಲಿಂದ ಹೆಣ ಕುಯ್ಯೋಕೆ ಒಪ್ಪಿದ್ರೆ ಮಣ್ಣಿನ ಖರ್ಚು ನಮ್ದು ಅಂತ ಆಸೆ ತೋರ್ಸಿತ್ತು! ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ.

ಹಳೇ ಕಥೆ ಅಂತೀರಾ? 2016ರಲ್ಲಿ ವರ್ಜೀನಿಯಾ ಯೂನಿವರ್ಸಿಟಿಯವ್ರು ಬಿಳಿಯ ಮೆಡಿಕಲ್ ಸ್ಟೂಡೆಂಟ್ಸ್, ರೆಸಿಡೆಂಟ್ ಡಾಕ್ಟರ್‌ಗಳನ್ನ ಕೇಳಿದ್ರೆ ಅರ್ಧದಷ್ಟು ಜನ ಕಪ್ಪು ಜನರ ಚರ್ಮ ದಪ್ಪ ಅನ್ನೋ ಥರದ ಒಂದಾದ್ರೂ ಸುಳ್ಳನ್ನ ನಂಬಿದ್ರು, ಅಂಥವ್ರು ಕಪ್ಪು ರೋಗಿಯ ನೋವನ್ನ ಕಡಿಮೆ ಅಂತಾನೇ ಅಂದಾಜು ಮಾಡಿದ್ರು. ನೋವು ಅಂದಾಗ ನಂಬ್ದೇ ಇದ್ದವ್ರು ಕೊನೇಲಿ ಬಂದು ನೋವಿಲ್ದಂಗೆ ನೋಡ್ಕೋತೀವಿ ಅಂದ್ರೆ ಆ ಮಗಳು ಯಾಕೆ ನಂಬ್ಬೇಕು?

ಮೆಡಿಕೇರ್ (ಅಮೆರಿಕಾದಲ್ಲಿ ಮುಖ್ಯವಾಗಿ ವಯಸ್ಸಾದವ್ರಿಗಿರೋ ಸರ್ಕಾರಿ ಆರೋಗ್ಯ ವಿಮೆ) ರೂಲ್ ಬೇರೆ, ಹಾಸ್ಪೀಸ್‌ಗೆ ಸೇರ್ಬೇಕಂದ್ರೆ ಆರು ತಿಂಗಳಿಗಿಂತ ಹೆಚ್ಚು ಬದುಕೋದು ಕಷ್ಟ ಅಂತ ಡಾಕ್ಟರ್ ಬರ್ದು ಕೊಡ್ಬೇಕು, ರೋಗ ವಾಸಿ ಮಾಡೋ ಚಿಕಿತ್ಸೆ ಬೇಡ ಅಂತ ರೋಗಿ ಸೈನ್ ಹಾಕ್ಬೇಕು. ಸರಿಯಾದ ಟ್ರೀಟ್‌ಮೆಂಟ್‌ಗೆ ಜೀವನಪೂರ್ತಿ ಬಡಿದಾಡಿದವ್ರಿಗೆ ಇದು ಹೆಂಗ್ ಕೇಳ್ಸುತ್ತೆ ಯೋಚ್ನೆ ಮಾಡಿ.

ಹಾಗಂತ ಕಪ್ಪು ಮನೆಯವ್ರೆಲ್ಲ ಹಿಂಗೇ ಅಂದ್ಕೋಬೇಡಿ, ಅದೂ ಒಂಥರ ತಪ್ಪೇ. (ನಮ್ಮಲ್ಲೂ ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಅಂತ ಡಾಕ್ಟರ್ ಮುಂದೆ ಕೈ ಮುಗಿಯೋರು ಎಷ್ಟಿಲ್ಲ!) ಪೇಪರ್ ರೂಮಿನ ಹೊರ್ಗೇ ಬಿಟ್ಟು ಹೋಗಿ ಕೂತ್ಕೊಂಡು, ಈ ಮೊದ್ಲು ಆಸ್ಪತ್ರೆಗಳಲ್ಲಿ ಅಮ್ಮಂಗೆ ಏನಾಗಿತ್ತು ಅಂತ ಕೇಳಿ, ಬೈದ್ರೆ ಬೈಸ್ಕೊಳ್ಳಿ. ಏನು ನಿಲ್ಲಿಸ್ತೀವಿ ಅನ್ನೋದಕ್ಕಿಂತ ಏನೇನು ಮಾಡ್ತೀವಿ ಅಂತ ಮೊದ್ಲು ಹೇಳಿ: ನೋವಿಗೆ ಮಾರ್ಫಿನ್, ಮನೆಗೇ ಬರೋ ನರ್ಸ್, ರಾತ್ರಿ ಫೋನ್ ಮಾಡಿದ್ರೂ ಎತ್ತೋರು. ಹಾಸ್ಪೀಸ್ ಬೇಡ ಅನ್ಸಿದ್ರೆ ಯಾವತ್ತು ಬೇಕಾದ್ರೂ ಬಿಟ್ಟು ಮಾಮೂಲಿ ಚಿಕಿತ್ಸೆಗೆ ವಾಪಸ್ ಬರ್ಬಹುದು, ಡಿಎನ್ಆರ್ ಅಂದ್ರೆ ಹೃದಯ ಇಲ್ಲಾ ಉಸಿರು ನಿಂತಾಗ ಎದೆ ಒತ್ತೋದು, ಶಾಕ್ ಕೊಡೋದು ಥರದ್ದು ಬೇಡ ಅಂತ ಅಷ್ಟೇ, ಬೇರೆ ಔಷಧಿ ನಿಲ್ಲಲ್ಲ, ಇವೆರಡು ಬಹಳ ಜನಕ್ಕೆ ಯಾರೂ ಬಿಡಿಸಿ ಹೇಳಿರಲ್ಲ. ಚರ್ಚಿನ ಪಾಸ್ಟರ್ ಬರೋದಾದ್ರೆ ಮಾತುಕತೆಗೆ ಅವ್ರನ್ನೂ ಕೂರ್ಸಿ.

ಇಷ್ಟಾದ್ಮೇಲೂ ಎಲ್ಲಾ ಮಾಡಿ ಅಂದ್ರೆ ಮುಖ ಗಂಟು ಹಾಕ್ಕೊಳ್ಳದೇ ಮಾಡಿ. ಅಂದಹಾಗೆ ನಿಮ್ಮ ಪತ್ರದಲ್ಲಿ ಡಾಕ್ಟರ್ ಏನಂದ್ರು, ಮಗಳು ಏನಂದ್ರು ಅಂತಿದೆ, ಅಜ್ಜಿ ಏನಂದ್ರು ಅಂತ ಇಲ್ವೇ ಇಲ್ಲ. ಎಚ್ಚರ ಇದ್ರೆ ಮೊದ್ಲು ಅವ್ರನ್ನ ಕೇಳಿ.