ಮಸಾಜ್ ಥೆರಪಿಸ್ಟ್ ಆಗಬೇಕು, 15 ದಿನದ ಕೋರ್ಸ್ ಸಾಕಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಪಿಯುಸಿ ಆಗಿದೆ, ಊರು ಶಿವಮೊಗ್ಗ ಕಡೆ, ಮಸಾಜ್ ಥೆರಪಿಸ್ಟ್ ಆಗುವ ಆಸೆ ಇದೆ. ಬೆಂಗಳೂರಿನ ಯಾವುದೋ ಸಂಸ್ಥೆ 15 ದಿನದ ಕೋರ್ಸ್‌ಗೆ 25,000 ರೂಪಾಯಿ ಕೇಳುತ್ತಿದೆ, ಮುಗಿದ ಮೇಲೆ ಕೆಲಸ ಗ್ಯಾರಂಟಿ ಅಂತಿದ್ದಾರೆ. ಮನೆಯಲ್ಲಿ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಸೇರಲಾ ಬೇಡವಾ ಅಂತ ಕೇಳಿದ್ದೀರಿ.

ಈ ಕೆಲಸಕ್ಕೆ ಧೈರ್ಯವಾಗಿ ಬನ್ನಿ. ಆ ಕೋರ್ಸ್‌ಗೆ ಮಾತ್ರ ಸೇರಬೇಡಿ.

ನಾನು ಉಡುಪಿ ಕಡೆಯ ಒಂದು ಆಯುರ್ವೇದ ಆಸ್ಪತ್ರೆಯಲ್ಲಿ ಪಂಚಕರ್ಮ (ಎಣ್ಣೆ, ಶಾಖ ಕೊಟ್ಟು ಮೈ ಶುದ್ಧಿ ಮಾಡುವ ಚಿಕಿತ್ಸೆ) ಥೆರಪಿಸ್ಟ್. ಕಲಿತದ್ದು ಕೇರಳದಲ್ಲಿ, ನಡುವೆ ಸ್ವಲ್ಪ ಕಾಲ ರೆಸಾರ್ಟ್‌ನಲ್ಲೂ ಕೆಲಸ ಮಾಡಿದ್ದೇನೆ. ಎರಡೂ ಕಡೆ ನೋಡಿರುವುದರಿಂದ ಹೇಳುತ್ತಿದ್ದೇನೆ.

ಎಣ್ಣೆ ಹಚ್ಚಿ ಕೈ ಆಡಿಸುವುದನ್ನು 15 ದಿನದಲ್ಲಿ ಕಲಿಯಬಹುದು, ಅದು ಸುಳ್ಳಲ್ಲ. ಕೈಕಾಲಿಗೆ ಉದ್ದಕ್ಕೆ, ಕೀಲುಗಳ ಮೇಲೆ ಗುಂಡಗೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಎರಡು ವಾರ ನೋಡಿದರೆ ಯಾರಿಗಾದರೂ ಬರುತ್ತದೆ. ಯಾರನ್ನು ಮುಟ್ಟಬಾರದು, ಎಲ್ಲಿ ಒತ್ತಬಾರದು, ಯಾವಾಗ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು ಅನ್ನುವುದು 15 ದಿನದಲ್ಲಿ ಬರುವುದಿಲ್ಲ. ಅದು ರೋಗಿಗಳನ್ನು ನೋಡಿ ನೋಡಿಯೇ ಬರಬೇಕು.

ಒಂದು ಉದಾಹರಣೆ ತಗೊಳ್ಳಿ. ಒಬ್ಬರು ಬಂದು "ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದೆ, ಕಾಲು ಹಿಡ್ಕೊಂಡಿದೆ, ಚೆನ್ನಾಗಿ ಒತ್ತಿ ಬಿಡಮ್ಮ" ಅನ್ನುತ್ತಾರೆ. ನೋಡಿದರೆ ಒಂದೇ ಕಾಲಿನ ಮೀನಖಂಡ ಊದಿದೆ, ಇನ್ನೊಂದು ಸರಿ ಇದೆ. ಮುಟ್ಟಿದರೆ ಬಿಸಿ, ಸ್ವಲ್ಪ ಒತ್ತಿದರೂ ನೋವು. ಅಲ್ಲಿಗೆ ಕೈ ತೆಗೆದುಬಿಡಬೇಕು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ನೀವು ಒತ್ತಿದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಅವರು ಕೋಪ ಮಾಡಿಕೊಂಡರೂ ಸರಿ, ದುಡ್ಡು ವಾಪಸ್ ಕೇಳಿದರೂ ಸರಿ, ಮೊದಲು ಡಾಕ್ಟರ್ ನೋಡಬೇಕು.

ಇನ್ನೊಂದು, ನಮ್ಮಲ್ಲಿ ದಿನಾ ಎದುರಾಗುವುದು ಶುಗರ್ ಇರುವವರ ಪಾದ. ಎಷ್ಟೋ ಜನರಿಗೆ ಪಾದದಲ್ಲಿ ಸ್ಪರ್ಶವೇ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿ ಪೊಟ್ಲಿ (ಬಟ್ಟೆಯಲ್ಲಿ ಕಟ್ಟಿದ ಔಷಧಿ ಗಂಟು) ಇಟ್ಟು "ಬಿಸಿ ಜಾಸ್ತಿ ಆಯ್ತಾ?" ಅಂತ ಕೇಳಿದರೆ "ಇಲ್ಲ, ಇನ್ನೂ ಬಿಸಿ ಇರಲಿ" ಅನ್ನುತ್ತಾರೆ. ಅವರ ಮಾತು ನಂಬಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಆ ಗಾಯ ಬೇಗ ಮಾಯುವುದೂ ಇಲ್ಲ. ಪಾರ್ಶ್ವವಾಯು ಆದವರ ಭುಜವೂ ಹಾಗೇ. ಕೀಲು ಸಡಿಲ ಆಗಿರುತ್ತದೆ, ಪಕ್ಕಕ್ಕೆ ತಿರುಗಿಸುವಾಗ ಆ ಕೈ ಹಿಡಿದು ಎಳೆಯಲೇಬಾರದು, ಭುಜದ ಕೆಳಗೆ ಕೈ ಕೊಟ್ಟು ತಿರುಗಿಸಬೇಕು. ಆಯುರ್ವೇದದ ಹಳೆಯ ಗ್ರಂಥ ಬರೆದ ವಾಗ್ಭಟರು ಕೂಡ ದಿನಾ ಅಭ್ಯಂಗ ಮಾಡಿ ಅಂತ ಹೇಳಿದ ಬೆನ್ನಿಗೇ, ಕಫ ಕಟ್ಟಿದವರಿಗೆ, ಅಜೀರ್ಣ ಇರುವವರಿಗೆ, ಈಗಷ್ಟೇ ಶೋಧನೆ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ ಮಾಡುವ ಚಿಕಿತ್ಸೆ) ಮುಗಿಸಿದವರಿಗೆ ಬೇಡ ಅಂದಿದ್ದಾರೆ. ಜ್ವರ, ಹೊಸದಾಗಿ ಮೂಳೆ ಮುರಿದದ್ದು, ಚರ್ಮದ ಸೋಂಕು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇವರೆಲ್ಲರ ವಿಷಯದಲ್ಲಿ ತೀರ್ಮಾನ ಡಾಕ್ಟರದ್ದು, ನಿಮ್ಮದಲ್ಲ.

ನಿಜವಾದ ತರಬೇತಿ ಹೇಗಿರುತ್ತದೆ ಅಂತ ಹೇಳುತ್ತೇನೆ, ನೀವೇ ಹೋಲಿಸಿ ನೋಡಿ.

ಸೇರಿದ ಕೂಡಲೇ ಯಾರೂ ರೋಗಿಯ ಮೈ ಮುಟ್ಟಲು ಬಿಡುವುದಿಲ್ಲ. ಮೊದಲು ಎಣ್ಣೆ ಕಾಯಿಸು, ದ್ರೋಣಿ (ರೋಗಿಯನ್ನು ಮಲಗಿಸುವ ಎಣ್ಣೆ ಮಸಾಜ್ ಮೇಜು) ತೊಳಿ, ಸೊಪ್ಪು ಹೆಚ್ಚು. ಸುಮ್ನೆ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಅನ್ನಿಸಬಹುದು, ಆದರೆ ಕಲಿಕೆ ಅಲ್ಲೇ ಇದೆ. ಎಲೆ ಪೊಟ್ಲಿಯನ್ನೇ ನೋಡಿ. ಔಡಲದ ಎಲೆ, ಲಕ್ಕಿ ಸೊಪ್ಪು, ಎಕ್ಕದ ಎಲೆ, ನುಗ್ಗೆ ಸೊಪ್ಪು, ಹುಣಸೆ ಸೊಪ್ಪು, ಎಲ್ಲ ಒರೆಸಿ ಸಣ್ಣಗೆ ಹೆಚ್ಚಿ, ತೆಂಗಿನ ತುರಿ, ನಿಂಬೆ ಹೋಳು ಸೇರಿಸಿ ಎಣ್ಣೆಯಲ್ಲಿ ಹುರಿಯಬೇಕು. ಎಲೆಯಲ್ಲಿ ನೀರು ಉಳಿದರೆ ಕಟ್ಟಿದ ಬಟ್ಟೆಯಿಂದ ಬಿಸಿ ಹನಿ ಜಿನುಗಿ ಚರ್ಮಕ್ಕೆ ಚುರ್ ಅನ್ನುತ್ತದೆ, ಜಾಸ್ತಿ ಹುರಿದರೆ ಕರಟಿ ಹೋಗುತ್ತದೆ. ಗಂಟು ಸಡಿಲ ಇದ್ದರೆ ಮೈಮೇಲೆ ಬಿಚ್ಚಿಕೊಳ್ಳುತ್ತದೆ. ಒಂದು ಪೊಟ್ಲಿ ಕೈಯಲ್ಲಿದ್ದರೆ ಇನ್ನೊಂದು ಎಣ್ಣೆ ಸವರಿದ ಕಾವಲಿ ಮೇಲೆ ಕಾಯುತ್ತಿರಬೇಕು. ಪ್ರತಿ ಸಲ ಕಾವಲಿಯಿಂದ ಎತ್ತಿದಾಗಲೂ ಮೊದಲು ನಿಮ್ಮ ಅಂಗೈ ಹಿಂಭಾಗಕ್ಕೆ ತಾಗಿಸಿ ನೋಡಿ, ಆಮೇಲೆ ರೋಗಿಗೆ. ಅಂಗೈ ದಿನಾ ಬಿಸಿ ಮುಟ್ಟಿ ಗಟ್ಟಿಯಾಗಿರುತ್ತದೆ, ಅದಕ್ಕೇ ಹಿಂಭಾಗ.

ಆಮೇಲೆ ಅಭ್ಯಂಗ. ನಮ್ಮಲ್ಲಿ ಹೆಚ್ಚಾಗಿ ಇಬ್ಬರು ಸೇರಿ ಮಾಡುತ್ತಾರೆ, ದ್ರೋಣಿಯ ಆಚೆ ಒಬ್ಬರು, ಈಚೆ ಒಬ್ಬರು. ಕೂರಿಸಿ ನೆತ್ತಿಗೆ ಎಣ್ಣೆ ಇಡುವುದರಿಂದ ಶುರು, ಆಮೇಲೆ ಮಲಗಿಸಿ, ಮಗ್ಗುಲು ತಿರುಗಿಸಿ, ಬೋರಲು ಮಾಡಿ, ಹೀಗೆ ಏಳು ಭಂಗಿ. ಇಬ್ಬರ ಕೈಯೂ ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ ಹೋಗಬೇಕು. ಒಂದು ಕಡೆ ಭಾರ, ಇನ್ನೊಂದು ಕಡೆ ಹಗುರ ಆದರೆ ಮಲಗಿದವರಿಗೆ ತಕ್ಷಣ ಗೊತ್ತಾಗುತ್ತದೆ, ಮೈ ಬಿಗಿ ಮಾಡಿಕೊಳ್ಳುತ್ತಾರೆ. ಇದು ಕೂಡಿ ಬರಲು ತಿಂಗಳುಗಟ್ಟಲೆ ಬೇಕು, ಒಬ್ಬ ಸೀನಿಯರ್ ಅಕ್ಕ ಎದುರು ನಿಂತು ಮಾಡಿಸಬೇಕು. ಶಿರೋಧಾರೆ, ಅಂದರೆ ಹಣೆಯ ಮೇಲೆ ಎಣ್ಣೆಯನ್ನು ಧಾರೆಯಾಗಿ ಬಿಡುವುದು, ನೋಡಲು ಸುಲಭ. ಆದರೆ ಧಾರೆ ಹಣೆಯಿಂದ ನಾಲ್ಕು ಬೆರಳಿನಷ್ಟು ಮೇಲಿರಬೇಕು, ಕಡಿಯಬಾರದು, ಕಣ್ಣಿಗೆ ಇಳಿಯಬಾರದು, ಎಣ್ಣೆ ಆರಿದರೆ ಮತ್ತೆ ಬೆಚ್ಚಗೆ ಮಾಡಿ ಹಾಕುತ್ತಿರಬೇಕು. ಅರ್ಧ ಗಂಟೆಗೂ ಜಾಸ್ತಿ ನಡೆಯುತ್ತದೆ, ಅಷ್ಟು ಹೊತ್ತೂ ಬೇರೆ ಕಡೆ ಗಮನ ಕೊಡುವ ಹಾಗೇ ಇಲ್ಲ.

ನೀವು ಕಲಿಯಬೇಕು ಅಂದಿರುವುದು ಸ್ವೀಡಿಷ್ ಮಸಾಜೋ ಆಯುರ್ವೇದವೋ ಅಂತ ಪ್ರಶ್ನೆಯಲ್ಲಿ ಇಲ್ಲ. ಎರಡೂ ಬೇರೆ. ಸ್ವೀಡಿಷ್‌ನಲ್ಲಿ ಕೈಕಾಲಿಂದ ಹೃದಯದ ಕಡೆಗೆ ಒತ್ತುತ್ತಾ ಬರುತ್ತಾರೆ, ರಕ್ತ ವಾಪಸ್ ಹೋಗಲು ಸಹಾಯ ಆಗಲಿ ಅಂತ. ನಮ್ಮಲ್ಲಿ ಸಾಮಾನ್ಯವಾಗಿ ರೋಮ ಇರುವ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ. ಪುಡಿ ಹಾಕಿ ತಿಕ್ಕುವ ಉದ್ವರ್ತನದಲ್ಲಿ ಮಾತ್ರ ಅದಕ್ಕೆ ಉಲ್ಟಾ. ಸ್ಪಾಗಳಲ್ಲಿ ಸ್ವೀಡಿಷ್ ಕೇಳುತ್ತಾರೆ, ನಿಸರ್ಗ ಚಿಕಿತ್ಸೆ ಕೇಂದ್ರಗಳಲ್ಲೂ ಅದೇ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಮೊದಲು ಆಸ್ಪತ್ರೆಯಲ್ಲಿ ಪಂಚಕರ್ಮ ಕಲಿಯಿರಿ. ಅಲ್ಲಿ ಕಲಿತವರು ಆಮೇಲೆ ಸ್ಪಾಗೆ ಬೇಗ ಹೊಂದಿಕೊಳ್ಳುತ್ತಾರೆ, ಸ್ಪಾದಲ್ಲಿ ಮಾತ್ರ ಕಲಿತವರಿಗೆ ಆಸ್ಪತ್ರೆಯಲ್ಲಿ ಕಷ್ಟ ಆಗುತ್ತದೆ.

ಎಲ್ಲಿ ಕಲಿಯುವುದು ಅಂದರೆ, ಕೇರಳದ ತ್ರಿಶೂರು ಜಿಲ್ಲೆಯ ಚೆರುತುರುತ್ತಿಯಲ್ಲಿ ಕೇಂದ್ರ ಸರ್ಕಾರದ ಪಂಚಕರ್ಮ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಒಂದು ವರ್ಷದ ಪಂಚಕರ್ಮ ಟೆಕ್ನಿಷಿಯನ್ ಕೋರ್ಸ್ ನಡೆಸುತ್ತಾರೆ. ಕೇರಳ ಸರ್ಕಾರದ ಆಯುರ್ವೇದ ಥೆರಪಿಸ್ಟ್ ಕೋರ್ಸ್ ಕೂಡ ಒಂದು ವರ್ಷವೇ. ಸರ್ಕಾರಗಳೇ ಇದಕ್ಕೆ ಒಂದು ವರ್ಷ ಬೇಕು ಅಂತ ಇಟ್ಟಿರುವಾಗ 15 ದಿನದಲ್ಲಿ ಪೂರ್ತಿ ಕಲಿಸುತ್ತೇವೆ ಅನ್ನುವವರನ್ನು ಹೇಗೆ ನಂಬುವುದು, ನೀವೇ ಹೇಳಿ. ಕೇಂದ್ರ ಸರ್ಕಾರದ ಕೌಶಲ ತರಬೇತಿ ಯೋಜನೆ ಸ್ಕಿಲ್ ಇಂಡಿಯಾದಲ್ಲೂ ಪಂಚಕರ್ಮ ಟೆಕ್ನಿಷಿಯನ್, ಸ್ಪಾ ಥೆರಪಿಸ್ಟ್ ಅಂತ ಬೇರೆ ಬೇರೆ ಕೋರ್ಸ್ ಇವೆ. ಅದರ ಲೋಗೋ ಬೋರ್ಡ್ ಮೇಲೆ ಇದ್ದ ಮಾತ್ರಕ್ಕೆ ಒಪ್ಪಬೇಡಿ, ಆ ಸೆಂಟರ್ ಹೆಸರು ಸ್ಕಿಲ್ ಇಂಡಿಯಾದ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ.

ಯಾವ ಜಾಗಕ್ಕೆ ಹೋದರೂ ಮೂರು ಪ್ರಶ್ನೆ ಕೇಳಿ. ಒಳಗೆ ಡಾಕ್ಟರ್ ದಿನಾ ಇರುತ್ತಾರಾ? ನಾನು ನಿಜವಾದ ರೋಗಿಗಳ ಜೊತೆ ಎಷ್ಟು ತಿಂಗಳು ಕೆಲಸ ಮಾಡುತ್ತೇನೆ? ಆಸ್ಪತ್ರೆಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯಾ? ಕರ್ನಾಟಕದಲ್ಲಿ ಖಾಸಗಿ ಆಯುರ್ವೇದ ಆಸ್ಪತ್ರೆ, ಕ್ಲಿನಿಕ್‌ಗಳೂ 2007ರ ಆ ಕಾಯ್ದೆಯಲ್ಲಿ ನೋಂದಣಿ ಮಾಡಿಸಬೇಕು, ಸರ್ಟಿಫಿಕೇಟ್ ಎದುರಿಗೇ ಹಾಕಿರಬೇಕು. ಉತ್ತರ ಕೊಡಲು ತಡಬಡಾಯಿಸಿದರೆ ಎದ್ದು ಬನ್ನಿ.

ಅಮ್ಮನ ವಿಷಯ. ಅವರ ಭಯ ನಿಜ. ಮಸಾಜ್ ಅಂದ ಕೂಡಲೇ ಜನ ಏನೇನೋ ಯೋಚಿಸುತ್ತಾರೆ, ಪೇಪರಿನಲ್ಲಿ ರೇಡ್ ಸುದ್ದಿ ಬರುತ್ತದೆ, ನಾಳೆ ಮದುವೆ ಮಾತು ಬಂದಾಗ ಏನು ಹೇಳುವುದು ಅನ್ನುವ ಚಿಂತೆ ಬೇರೆ. ಅವರ ಜೊತೆ ವಾದ ಮಾಡಬೇಡಿ. ಒಂದು ಒಳ್ಳೆಯ ಆಸ್ಪತ್ರೆಯ ಪಂಚಕರ್ಮ ವಿಭಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಹೆಂಗಸರ ಕಡೆ ಹೆಂಗಸರೇ, ಗಂಡಸರ ಕಡೆ ಗಂಡಸರೇ ಇರುತ್ತಾರೆ, ಕೇರಳ ಪ್ರವಾಸೋದ್ಯಮ ಇಲಾಖೆ ಆಯುರ್ವೇದ ಕೇಂದ್ರಗಳಿಗೆ ದರ್ಜೆ ಕೊಡಲು ಇದನ್ನು ನಿಯಮವಾಗಿಯೇ ಇಟ್ಟಿದೆ. ಕೆಲಸಕ್ಕೆ ಸೇರುವಾಗ ಇದನ್ನೇ ನೀವೂ ಬಾಯಿಬಿಟ್ಟು ಕೇಳಿ. "ಕ್ರಾಸ್ ಕೂಡ ಮಾಡಬೇಕಾಗುತ್ತದೆ, ಟಿಪ್ಸ್ ಚೆನ್ನಾಗಿ ಬರುತ್ತದೆ" (ಕ್ರಾಸ್ ಅಂದರೆ ಹೆಂಗಸರು ಗಂಡಸರಿಗೆ, ಗಂಡಸರು ಹೆಂಗಸರಿಗೆ ಮಸಾಜ್ ಮಾಡುವುದು) ಅಂತ ಯಾರಾದರೂ ಅಂದರೆ ಅಲ್ಲಿ ಒಂದು ದಿನವೂ ನಿಲ್ಲಬೇಡಿ. ಪಾರ್ಶ್ವವಾಯು ಆಗಿ ಮಲಗಿಯೇ ಬಂದಿದ್ದ ಅಜ್ಜಿಯೊಬ್ಬರು, ಫಿಸಿಯೋಥೆರಪಿ ಮತ್ತು ನಮ್ಮ ಚಿಕಿತ್ಸೆ ಎರಡೂ ನಡೆದ ಮೇಲೆ, ವಾಕರ್ ಹಿಡಿದು ಬಾತ್‌ರೂಮಿಗೆ ತಾವೇ ಹೋದಾಗ ಮನೆಯವರೆಲ್ಲ ಬಂದು ನಮ್ಮ ಕೈ ಹಿಡಿದುಕೊಂಡರು. ಇದು ಗೌರವದ ಕೆಲಸ, ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ನಿಮ್ಮ ಮೈ ಬಗ್ಗೆಯೂ ಯೋಚಿಸಿ. ಈ ಕೆಲಸ ಬಿಟ್ಟ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಬಿಟ್ಟದ್ದು ಹೆಬ್ಬೆರಳು, ಮಣಿಕಟ್ಟು, ಸೊಂಟ ನೋವಿಗೆ. ತೋಳಿನ ಬಲದಿಂದ ಒತ್ತಿದರೆ ಎರಡು ವರ್ಷವೂ ಬಾಳಿಕೆ ಬರುವುದಿಲ್ಲ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಮೈಭಾರ ಬಿಡಬೇಕು, ಬೆನ್ನು ಬಗ್ಗಿಸಬಾರದು. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಗೆಣ್ಣು ಟೇಬಲ್‌ಗೆ ತಾಗುವಷ್ಟು ಎತ್ತರ ಇರಬೇಕು. ನೀವು ಕುಳ್ಳಗಿದ್ದು ದ್ರೋಣಿ ಎತ್ತರ ಇದ್ದರೆ ಕಾಲ ಕೆಳಗೆ ಮಣೆ ಕೇಳಿ ಇಟ್ಟುಕೊಳ್ಳಿ, ನಾಚಿಕೆ ಬೇಡ. ಉಗುರು ಕತ್ತರಿಸಿರಬೇಕು, ಬಳೆ ಉಂಗುರ ತೆಗೆದಿರಬೇಕು. ನೆಲದ ಮೇಲೆ ಎಣ್ಣೆ ಬಿದ್ದರೆ ಆಗಲೇ ಒರೆಸಿ, ಜಾರಿ ಬೀಳುವುದು ಹೆಚ್ಚಾಗಿ ನಾವೇ.

ದುಡ್ಡು ಶುರುವಿನಲ್ಲಿ ಕಡಿಮೆಯೇ. ರೆಸಾರ್ಟ್‌ಗಳಲ್ಲಿ ಊಟ, ರೂಮು ಸಿಗುವುದರಿಂದ ಸ್ವಲ್ಪ ಉಳಿಯುತ್ತದೆ. ಮಳೆಗಾಲದಲ್ಲಿ, ನಮ್ಮ ತುಳುನಾಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ, ಆಸ್ಪತ್ರೆಗಳಲ್ಲಿ ಜನ ಜಾಸ್ತಿ. ಅದರ ಜೊತೆ ನಮ್ಮ ಕರಾವಳಿಯಲ್ಲಿ ಬಾಣಂತಿ, ಮಗುವನ್ನು ಮೀಯಿಸಲು ಮನೆಗೇ ಹೋಗುವ ಕೆಲಸಕ್ಕೆ ತುಂಬಾ ಬೇಡಿಕೆ, ತರಬೇತಿ ಆದವರು ಸಿಗುವುದೇ ಇಲ್ಲ. ಅದಕ್ಕೆ ಹೋದರೆ ಸಿಸೇರಿಯನ್ ಆದವರ ಹೊಟ್ಟೆ ಒತ್ತಬೇಡಿ, ಮಗುವಿನ ಮೂಗು ಕಿವಿಗೆ ಎಣ್ಣೆ ಬಿಡಬೇಡಿ, ಮನೆಯ ಹಿರಿಯರು ಎಷ್ಟೇ ಹೇಳಿದರೂ.

ಗಲ್ಫ್ ಕೆಲಸ ಅಂತ ಯಾರಾದರೂ ಬಂದರೆ ಆ ಏಜೆಂಟ್ ಹೆಸರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ನೋಡಿ. ನೋಂದಣಿ ಇರುವ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸಿಕೊಡುತ್ತೇವೆ ಅಂದರೆ ಖಂಡಿತ ಬೇಡ.

ಸದ್ಯಕ್ಕೆ ಬೆಂಗಳೂರಿನ ಆ 25,000 ಕಟ್ಟಬೇಡಿ. ನಿಮ್ಮ ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ. ವಾರದ ದಿನ ಬೆಳಿಗ್ಗೆ ಒಪಿಡಿ ಹೊತ್ತಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಪಂಚಕರ್ಮ ವಿಭಾಗ ಎಲ್ಲಿ ಅಂತ ಕೇಳಿ, ಅಲ್ಲಿ ಕೆಲಸ ಮಾಡುವ ಅಕ್ಕಂದಿರು ಎಲ್ಲಿ ಕಲಿತರು ಅಂತ ವಿಚಾರಿಸಿ. ಏನಂದರು ಅಂತ ಇಲ್ಲೇ ಬರೆಯಿರಿ, ಮುಂದಿನದ್ದು ಅದನ್ನು ನೋಡಿ ಹೇಳುತ್ತೇನೆ.