ಅದೇ ಡಿಸ್ಕ್ ಎರಡನೆಯ ಸಲ ಮಾಡಿ ತೋರಿಸಿ

ಡಿಸ್ಕ್ ಗಾಲ್ಫ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ ಕೇಳುತ್ತವೆ. ಇಷ್ಟೊಂದು ಕಂಪನಿಗಳ ನಡುವೆ ಯಾರು ಉಳಿಯುತ್ತಾರೆ, ನಾವೂ ಇಳಿಯಬಹುದೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ, ಆದ್ದರಿಂದ ಈ ಸಲದ ಅಂಕಣ ಬಹುಮಟ್ಟಿಗೆ ಅದಕ್ಕೇ ಮೀಸಲು. ಆಟದ ಪರಿಚಯ ಮಾಡಿಕೊಡುತ್ತಾ ಕೂರುವುದಿಲ್ಲ. ಚೆಂಡಿನ ಜಾಗದಲ್ಲಿ ಪ್ಲಾಸ್ಟಿಕ್ ಡಿಸ್ಕ್, ಗುಳಿಯ ಜಾಗದಲ್ಲಿ ಸರಪಳಿ ಇಳಿಬಿಟ್ಟ ಬುಟ್ಟಿ. ಇಷ್ಟು ಗೊತ್ತಿದ್ದರೆ ಮುಂದೆ ಓದಬಹುದು. ನಾನು ಮಿಷಿಗನ್‌ನಲ್ಲಿ ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಅಚ್ಚುಗಳ ಕೆಲಸ ಮಾಡಿದವನು. ಕಾರಿನ ಬಿಡಿಭಾಗಗಳಿಂದ ಶುರುಮಾಡಿ ಡಿಸ್ಕ್‌ಗಳವರೆಗೆ ಬಂದೆ. ಅಚ್ಚಿನ ಮುಂದೆ ನಿಂತು ಕಂಡದ್ದನ್ನೇ ಬರೆಯುತ್ತೇನೆ.

ಪ್ರ: ಕೋವಿಡ್ ಕಾಲದ ಹುರುಪು ಇಳಿಯಿತು. ಇನ್ನು ಈ ಆಟವೇ ಮುಗಿಯಿತೇ? (ಓದುಗರು, ಆಸ್ಟಿನ್)

ಇಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಎಡ್ ಹೆಡ್ರಿಕ್ ಹಾಕಿದ ಮೊದಲ ಕಾಯಂ ಕೋರ್ಸ್ ಒಂದೇ ಇತ್ತು. ಇಂದು ಜಗತ್ತಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಇವೆ. ಆಟದ ಆರೋಗ್ಯ ಬೇರೆ, ಡಿಸ್ಕ್ ಮಾಡುವವರ ಆರೋಗ್ಯ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬೇಡಿ.

ಪ್ರ: ಮೊದಲ ಕಂತಿನ ಡಿಸ್ಕ್‌ಗಳನ್ನು ಕೊಂಡಿಟ್ಟರೆ ಚಿನ್ನದಂತೆ ಬೆಲೆ ಏರುತ್ತದಂತೆ, ನಿಜವೇ?

ಏರಿದ್ದು ಕೆಲವು, ಬೀರುವಿನಲ್ಲೇ ಉಳಿದದ್ದು ಹಲವು. ಈ ಸಲಹೆ ಕೊಡುವವರ ಬೀರುವಿನಲ್ಲಿ ಮಾರಬೇಕಾದ ಡಿಸ್ಕ್‌ಗಳು ಎಷ್ಟಿವೆ ಎಂದು ಮೊದಲು ಕೇಳಿ.

ಪ್ರ: ನಮ್ಮದು ಪೀಣ್ಯದಲ್ಲಿ ಇಂಜೆಕ್ಷನ್ ಮೋಲ್ಡಿಂಗ್ ಘಟಕ. ಸ್ವಿಚ್ ಬಾಕ್ಸ್, ಬಕೆಟ್ ಹಿಡಿ ಮಾಡುತ್ತೇವೆ. 180 ಟನ್ ಪ್ರೆಸ್ ಎರಡು ಖಾಲಿ ನಿಂತಿವೆ. ಷಾರ್ಲೆಟ್‌ನಲ್ಲಿರುವ ನನ್ನ ಭಾವಮೈದುನ ವಾರಾಂತ್ಯಕ್ಕೆ ಡಿಸ್ಕ್ ಗಾಲ್ಫ್ ಆಡುತ್ತಾನೆ. ಅಲ್ಲಿ ಒಂದು ಡಿಸ್ಕ್‌ಗೆ 18 ಡಾಲರ್ ಕೊಡುತ್ತಾರೆ, ಅದರಲ್ಲಿರುವುದು 175 ಗ್ರಾಂ ಪ್ಲಾಸ್ಟಿಕ್ ಅಷ್ಟೆ, ನಾವು ಇಲ್ಲಿ ಮಾಡಿ ಅರ್ಧ ಬೆಲೆಗೆ ಕಳುಹಿಸೋಣ ಎನ್ನುತ್ತಾನೆ. ಮಾರುಕಟ್ಟೆ ಆಗಲೇ ತುಂಬಿದೆ ಎಂದೂ ಕೇಳಿದೆ. ಮನೆಯ ಮೇಲೆ ಸಾಲ ತೆಗೆದು ಇಳಿಯಬಹುದೇ?

ಮನೆಯ ಮೇಲೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕದ್ದನ್ನು ನೀವು ಓದದಿದ್ದರೂ ಇದೊಂದು ತಲುಪಿದರೆ ಸಾಕು.

ಡಿಸ್ಕ್‌ನ ಬೆಲೆಯಿಂದ ದಾನಾ (ಪ್ಲಾಸ್ಟಿಕ್ ಕಾಳು) ಬೆಲೆ ಕಳೆದು, ಉಳಿದದ್ದನ್ನು ಲಾಭ ಎಂದು ಬರೆಯುವ ಲೆಕ್ಕ ನನಗೆ ತಿಂಗಳಿಗೆರಡು ಬರುತ್ತದೆ. ಪ್ರೆಸ್ ನಡೆಸಿ ಗೊತ್ತಿರುವ ನೀವೂ ಅದನ್ನೇ ಬರೆದಿರುವುದು ನನಗೆ ಬೇಸರ ತಂದಿತು. ಸ್ವಿಚ್ ಬಾಕ್ಸ್ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಗೋಡೆಯಲ್ಲಿ ಕೂರುತ್ತದೆ. ಡಿಸ್ಕ್ ಗಾಳಿಯಲ್ಲಿ ನೂರು ಮೀಟರ್ ಹೋಗಬೇಕು, ಕಳೆದ ಸಲ ಹೋದ ದಾರಿಯಲ್ಲೇ ಹೋಗಬೇಕು.

ನಿಮ್ಮ ಬಾಕ್ಸ್‌ನ ಗೋಡೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತದೆ. ದೂರ ಎಸೆಯುವ ಡ್ರೈವರ್ ಡಿಸ್ಕ್ ಹಾಗಿಲ್ಲ. ನಡುವಿನ ತಟ್ಟೆ ಎರಡು ಮಿಲಿಮೀಟರ್ ಆಸುಪಾಸು. ಸುತ್ತಲಿನ ಅಂಚು ಎರಡು ಸೆಂಟಿಮೀಟರಿಗೂ ಅಗಲವಾದ ಗಟ್ಟಿ ಪ್ಲಾಸ್ಟಿಕ್. ತಟ್ಟೆ ಬೇಗ ಆರುತ್ತದೆ. ಅಂಚು ಒಳಗೊಳಗೇ ಬಿಸಿಯಾಗಿದ್ದು, ಅಚ್ಚಿನಿಂದ ಹೊರಬಿದ್ದ ಮೇಲೂ ಕುಗ್ಗುತ್ತಲೇ ಇರುತ್ತದೆ. ಆಗಲೇ ಬಿಗಿದುಕೊಂಡ ತಟ್ಟೆಯನ್ನು ಅದು ಸುತ್ತಲಿಂದ ಒತ್ತಿದಾಗ ತಟ್ಟೆ ಮೇಲಕ್ಕೆ ಉಬ್ಬುತ್ತದೆ. ಅಚ್ಚಿನೊಳಗೆ ಹರಿಯುವ ನೀರು ನಾಲ್ಕು ಡಿಗ್ರಿ ಬಿಸಿಯಾದರೆ, ಆಪರೇಟರ್ ಅವಸರದಲ್ಲಿ ಹತ್ತು ಸೆಕೆಂಡ್ ಮೊದಲೇ ಅಚ್ಚು ತೆರೆದರೆ ಉಬ್ಬು ಬದಲಾಗುತ್ತದೆ. ಬಣ್ಣದ ಪುಡಿ ಬದಲಾದರೂ ಬದಲಾಗುತ್ತದೆ. ಕೆಳ ಅಂಚಿನಿಂದ ಮೂಗಿನವರೆಗಿನ (ಅಂದರೆ ಅಂಚಿನ ಹೊರತುದಿಯವರೆಗಿನ) ಎತ್ತರ ಅರ್ಧ ಮಿಲಿಮೀಟರ್ ಏರಿದರೆ ಆ ಡಿಸ್ಕ್ ಬೇರೆಯದೇ ಡಿಸ್ಕ್.

ನನ್ನ ಮೇಜಿನ ಮೇಲೆ ಈಗ ಎರಡು ಡಿಸ್ಕ್‌ಗಳಿವೆ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬಗೆಯ ಪ್ಲಾಸ್ಟಿಕ್. ಅಡಿಯಲ್ಲಿ ಶಾಯಿಯಿಂದ ಬರೆದ ತೂಕವೂ ಒಂದೇ, 173 ಗ್ರಾಂ. ನೀಲಿಯದರ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಅಲುಗದೆ ಕೂರುತ್ತದೆ. ಕಿತ್ತಳೆ ಬಣ್ಣದ್ದರ ಮೇಲೆ ಇಟ್ಟರೆ ತಕ್ಕಡಿಯ ದಂಡಿಗೆಯಂತೆ ಅತ್ತಿತ್ತ ತೂಗುತ್ತದೆ. ಬಲಗೈಯಿಂದ ಎಸೆದರೆ ನೀಲಿ ಕೊನೆಯಲ್ಲಿ ಎಡಕ್ಕೆ ಹೊರಳಿ ಬೇಗ ನೆಲ ಹಿಡಿಯುತ್ತದೆ. ಆ ಹೊತ್ತಿಗೆ ಕಿತ್ತಳೆ ಇನ್ನೂ ತೇಲುತ್ತಿರುತ್ತದೆ. ನೀಲಿಗೆ ಕೈ ಹೊಂದಿಸಿಕೊಂಡ ಆಟಗಾರ ಅದನ್ನು ಕೆರೆಯಲ್ಲಿ ಕಳೆದುಕೊಂಡು, ಅದೇ ಹೆಸರಿನ ಕಿತ್ತಳೆ ಕೊಂಡನೆನ್ನಿ. ಮೂರನೆಯದನ್ನು ಅವನು ಖಂಡಿತ ಬೇರೆ ಕಂಪನಿಯಿಂದ ಕೊಳ್ಳುತ್ತಾನೆ.

ಈ ವ್ಯಾಪಾರದ ಗುಟ್ಟು ಇಲ್ಲೇ ಇದೆ. ಒಳ್ಳೆಯ ಪ್ಲಾಸ್ಟಿಕ್‌ನ ಡಿಸ್ಕ್ ಬೇಗ ಸವೆಯುವುದಿಲ್ಲ, ವರ್ಷಗಟ್ಟಲೆ ಬರುತ್ತದೆ. ಕೋರ್ಸ್‌ಗಳಲ್ಲಿ ಬಹುಪಾಲು ಉಚಿತ, ಆದ್ದರಿಂದ ಆಟಗಾರ ದುಡ್ಡು ಬಿಚ್ಚುವುದು ಮುಖ್ಯವಾಗಿ ಡಿಸ್ಕ್‌ಗೆ. ಅದೂ ಹೊಸ ಆಟಗಾರ ಬಂದಾಗ, ಇಲ್ಲವೇ ಹಳಬ ಕಳೆದುಕೊಂಡಾಗ. ಹೊಸಬರನ್ನು ತರುವುದು ನಿಮ್ಮ ಕೈಯಲ್ಲಿಲ್ಲ. ಕಳೆದುಕೊಂಡವನಿಗೆ ಅದೇ ಡಿಸ್ಕ್ ಮತ್ತೆ ಕೊಡುವುದೊಂದೇ ನಿಮ್ಮ ಕೈಯಲ್ಲಿರುವುದು. ಡಿಸ್ಕ್ ಮಾಡುವುದು ಪೀಣ್ಯದ ಯಾವ ಟೂಲ್ ರೂಮ್‌ಗೂ ಆಗುವ ಕೆಲಸ. ಅದನ್ನೇ ಎರಡು ವರ್ಷದ ನಂತರ, ಬೇರೆ ಆಪರೇಟರ್ ಕೈಯಲ್ಲಿ, ಬೇರೆ ಲಾಟ್‌ನ ದಾನಾದಲ್ಲಿ ಮತ್ತೆ ಮಾಡಬಲ್ಲವರು ಕೆಲವರೇ.

ನಂಬಿಕೆ ಬಾರದಿದ್ದರೆ ಫಿನ್ಲೆಂಡ್‌ನ ಡಿಸ್ಕ್‌ಮೇನಿಯಾ ನೋಡಿ. ಹೆಸರು, ವಿನ್ಯಾಸ, ತಾರಾ ಆಟಗಾರರು ಎಲ್ಲವೂ ಇತ್ತು. ಆದರೆ ಡಿಸ್ಕ್‌ಗಳನ್ನು ಮಾಡಿಕೊಡುತ್ತಿದ್ದದ್ದು ಅಮೆರಿಕದ ಇನ್ನೋವಾ. 2019ರ ಕೊನೆಗೆ ಆ ಸಂಬಂಧ ಮುಗಿದಾಗ ಹಳೆಯ ಹೆಸರುಗಳಿಗೆ ಹೊಸ ಅಚ್ಚು, ಹೊಸ ಕಾರ್ಖಾನೆ ಹುಡುಕಬೇಕಾಯಿತು. ಹೆಸರು ಅದೇ, ಹಾರಾಟ ಅದಲ್ಲ ಎಂದು ಆಟಗಾರರು ಮುನಿಸಿಕೊಂಡರು; ಹಳೆಯ ಕಾರ್ಖಾನೆಯ ಡಿಸ್ಕ್‌ಗಳನ್ನು ಹುಡುಕಿ ಹುಡುಕಿ ಕೊಂಡರು. ಅಷ್ಟು ಗಟ್ಟಿ ಹೆಸರಿದ್ದ ಕಂಪನಿಗೇ ಆ ಪಾಡು. ನಿಮ್ಮ ಭಾವಮೈದುನನ ಹೊಸ ಬ್ರ್ಯಾಂಡ್‌ಗೆ ಒಂದು ಕೆಟ್ಟ ಕಂತು ಸಾಕು.

ಮಾರುಕಟ್ಟೆ ಹೀಗೆ ತುಂಬಿದ್ದು ಹೇಗೆ? ಚೂಪಾದ ಅಂಚಿನ ಗಾಲ್ಫ್ ಡಿಸ್ಕ್ ಅನ್ನು 1983ರಲ್ಲಿ ತಂದವರು ಇನ್ನೋವಾದ ಡೇವ್ ಡುನಿಪೇಸ್. ಅದರ ಪೇಟೆಂಟ್ ಮುಗಿದು ಎರಡು ದಶಕ ದಾಟಿದೆ. ಈಗ ಪಿಡಿಜಿಎ ಎಂಬ ಆಟಗಾರರ ಸಂಸ್ಥೆಯ ಅಳತೆಗಳಿಗೆ ಹೊಂದಿದರೆ ಯಾರು ಬೇಕಾದರೂ ಮಾಡಬಹುದು: ವ್ಯಾಸ ಕನಿಷ್ಠ 21 ಸೆಂಟಿಮೀಟರ್, ಅಂಚಿನ ಅಗಲ 2.6 ಸೆಂಟಿಮೀಟರ್ ಮೀರಬಾರದು, ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು. ಕೊನೆಯದನ್ನು ನೆನಪಿಡಿ, ಡಿಸ್ಕ್ ಹೆಚ್ಚು ಕುಗ್ಗಿದರೆ ವ್ಯಾಸದ ಜೊತೆ ಅನುಮತಿಯ ತೂಕವೂ ಇಳಿಯುತ್ತದೆ. ಈ ಚೌಕಟ್ಟಿನೊಳಗೆ ಒಪ್ಪಿಗೆ ಪಡೆದ ಮಾದರಿಗಳು ಸಾವಿರ ದಾಟಿ ಎಷ್ಟೋ ಕಾಲವಾಯಿತು. ಹೊಸದಾಗಿ ಹಾರುವ ಆಕಾರಕ್ಕೆ ಉಳಿದಿರುವ ಜಾಗ ಬಹಳ ಕಡಿಮೆ. 'ಐವತ್ತು ಅಡಿ ಹೆಚ್ಚು ಹಾರುವ ಪ್ಲಾಸ್ಟಿಕ್' ಎಂದು ದಾನಾ ಮಾರಲು ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ. ದಾನಾದಿಂದ ಹಿಡಿತ ಬರುತ್ತದೆ, ಬಾಳಿಕೆ ಬರುತ್ತದೆ. ದೂರ ಬರುವುದು ತೋಳಿನಿಂದ.

ಆ ಮೇಲೆ 2020 ಬಂತು. ಮನೆಯೊಳಗೆ ಕೂತು ಬೇಸತ್ತವರೆಲ್ಲ ಪಾರ್ಕಿಗೆ ಬಂದರು. 2019ರಲ್ಲಿ 53 ಸಾವಿರದಷ್ಟಿದ್ದ ಪಿಡಿಜಿಎ ಸದಸ್ಯರು 2021ಕ್ಕೆ ಲಕ್ಷ ದಾಟಿದರು. ಅಂಗಡಿಯ ಗೋಡೆಗಳು ಖಾಲಿಯಾದವು. ಡಿಸ್ಕ್‌ಕ್ರಾಫ್ಟ್ ಎಂಬ ಡಿಸ್ಕ್ ಕಂಪನಿ 2021ರಲ್ಲಿ ಪಾಲ್ ಮೆಕ್‌ಬೆತ್ ಎಂಬ ಆಟಗಾರನ ಜೊತೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಆ ಸುದ್ದಿ ಓದಿದವರೆಲ್ಲ ಇದು ಬತ್ತದ ಬಾವಿ ಎಂದುಕೊಂಡರು. ನನಗೆ ಪರಿಚಯದ ಒಂದು ಸಣ್ಣ ಕಾರ್ಖಾನೆ (ಹೆಸರು ಬೇಡ) ಅದೇ ವರ್ಷ ಸಾಲ ಮಾಡಿ ಇನ್ನೆರಡು ಪ್ರೆಸ್ ತಂದಿತು. ಬೇಡ, ಬಾಡಿಗೆಗೆ ಹೊರಗೆ ಮಾಡಿಸಿ ಎಂದು ಕೈಮುಗಿದು ಹೇಳಿದ್ದೆ. ಎರಡು ವರ್ಷದ ನಂತರ ಅಲ್ಲಿಗೆ ಹೋದಾಗ ಆ ಪ್ರೆಸ್‌ಗಳ ಮೇಲೆ ಟಾರ್ಪಾಲು ಹೊದಿಸಿತ್ತು. ಪಕ್ಕದ ಗೋದಾಮಿನಲ್ಲಿ ಡಿಸ್ಕ್ ಪೆಟ್ಟಿಗೆಗಳು ಸೂರಿನವರೆಗೆ. ಅವರಲ್ಲಿ ಒಬ್ಬರೂ ಸೋಮಾರಿಗಳಲ್ಲ. ಹಬ್ಬದ ವ್ಯಾಪಾರವನ್ನು ವರ್ಷದ ವ್ಯಾಪಾರ ಎಂದು ನಂಬಿದರು, ಅಷ್ಟೆ. ಆ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ. ನಿಮಗೆ ಇಷ್ಟು ಕಟುವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆ ಪೆಟ್ಟಿಗೆಗಳ ಲೆಕ್ಕವನ್ನೂ ನೋಡಿ. ಒಂದು ಅಚ್ಚು, ಮೂರು ಬಗೆಯ ಪ್ಲಾಸ್ಟಿಕ್, ನಾಲ್ಕು ತೂಕ, ಐದು ಬಣ್ಣ ಎಂದರೆ ಅರವತ್ತು ಬಗೆಯ ಸರಕು. ಹತ್ತು ಅಚ್ಚಾದರೆ ಆರುನೂರು. ಅಂಗಡಿಯವನಿಗೆ ಗೋಡೆ ಇರುವುದು ಒಂದೇ. ಅವನು ಹೊಸಬರ ಆರುನೂರನ್ನು ಬಿಟ್ಟು, ಕೇಳಿ ಬರುವವರಿರುವ ಇನ್ನೋವಾ, ಡಿಸ್ಕ್‌ಕ್ರಾಫ್ಟ್, ಎಂವಿಪಿಗಳ ಅರವತ್ತನ್ನು ತೂಗುಹಾಕುತ್ತಾನೆ. ನಾನು ಅಂಗಡಿ ಇಟ್ಟಿದ್ದರೂ ಹಾಗೆಯೇ ಮಾಡುತ್ತಿದ್ದೆ. ಸಣ್ಣ ಕಂಪನಿ ಪ್ರತಿ ತಿಂಗಳು ಹೊಸ ಹೆಸರಿನ ಡಿಸ್ಕ್ ಬಿಡುವುದನ್ನು ಕಂಡರೆ ನನಗೆ ಭಯವಾಗುತ್ತದೆ. ಹೊಸತೆಂದು ಕೊಳ್ಳುವವರು ಒಮ್ಮೆ ಕೊಳ್ಳುತ್ತಾರೆ; ಉಳಿದದ್ದು ಗೋದಾಮಿಗೆ.

ದೊಡ್ಡ ಹೆಸರೂ ಇಲ್ಲಿ ಕಾಪಾಡುವುದಿಲ್ಲ. ಶೂ ಅಡಿಭಾಗಕ್ಕೆ ಜಗತ್ತೇ ಮೆಚ್ಚಿದ ಇಟಲಿಯ ವಿಬ್ರಾಮ್ ರಬ್ಬರ್ ಡಿಸ್ಕ್‌ಗಳನ್ನು ಮಾಡುತ್ತಿತ್ತು. ಕೈಗೆ ಅಂಟುವ ಅದರ ಪಟ್ಟರ್‌ಗಳನ್ನು (ಬುಟ್ಟಿಗೆ ಹತ್ತಿರದಿಂದ ಎಸೆಯುವ ಡಿಸ್ಕ್) ಇಂದಿಗೂ ಚೀಲದಲ್ಲಿ ಇಟ್ಟುಕೊಂಡವರಿದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಅದರ ಹೆಸರಿನ ದೊಡ್ಡ ಟೂರ್ನಿಯೇ ನಡೆಯುತ್ತಿತ್ತು. ಆದರೂ ಆ ಕಂಪನಿ ಡಿಸ್ಕ್ ಬಿಟ್ಟು ಶೂಗೆ ಮರಳಿತು. ಅದಕ್ಕೆ ಮರಳಲು ಶೂ ಇತ್ತು. ನಿಮಗೆ ಸ್ವಿಚ್ ಬಾಕ್ಸ್ ಇದೆ; ಅದನ್ನು ಕೈಬಿಡಬೇಡಿ.

ಹಾಗಾದರೆ ಉಳಿಯುವವರು ಯಾರು? ಸ್ವಂತ ಅಚ್ಚು, ಸ್ವಂತ ಪ್ರೆಸ್ ಇದ್ದು, ಕಡಿಮೆ ಮಾದರಿಗಳನ್ನು ಬಿಗಿಯಾಗಿ ಮಾಡುವವರು. ಮಿಷಿಗನ್‌ನ ಎಂವಿಪಿ 2010ರಲ್ಲಿ ಬಂದದ್ದು ತಡವಾಗಿಯೇ. ಆದರೆ ಒಳಗೊಂದು, ಅಂಚಿಗೊಂದು ಹೀಗೆ ಎರಡು ಪ್ಲಾಸ್ಟಿಕ್ ಬೆಸೆಯುವ ಕೆಲಸವನ್ನು ಕೈವಶ ಮಾಡಿಕೊಂಡು ಬಂತು. ನೆರೆಯವರು ನಾಳೆಯೇ ನಕಲು ಮಾಡಲಾಗದ ಕಸುಬು ಅದು. ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ತನ್ನ ಹೆಸರಿನ ಡಿಸ್ಕ್‌ಗಳ ಜೊತೆಗೆ ಕಾನ್ಸಾಸ್‌ನ ಡೈನಾಮಿಕ್ ಡಿಸ್ಕ್ಸ್, ಫಿನ್ಲೆಂಡ್‌ನ ವೆಸ್ಟ್‌ಸೈಡ್‌ಗೂ ಮಾಡಿಕೊಟ್ಟಿತು. ನಿಮ್ಮ ಭಾಷೆಯಲ್ಲಿ ಜಾಬ್ ವರ್ಕ್. ಯಾರ ಹೆಸರು ಮಾರಾಟವಾದರೂ ಓಡುವುದು ಅವರ ಪ್ರೆಸ್. ಬರೀ ಮುದ್ರೆಯನ್ನೇ ಬಂಡವಾಳ ಮಾಡಿಕೊಂಡು ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುವ ಸಣ್ಣ ಬ್ರ್ಯಾಂಡ್‌ಗಳಲ್ಲಿ ಬಹಳಷ್ಟು ಸದ್ದಿಲ್ಲದೆ ಮುಚ್ಚುತ್ತವೆ ಅಥವಾ ದೊಡ್ಡವರ ಮಡಿಲು ಸೇರುತ್ತವೆ ಎಂಬುದು ನನ್ನ ಅಂದಾಜು.

ಅರ್ಧ ಬೆಲೆಯ ಮಾತು ಬಿಡಿ. ಹಡಗು, ಗೋದಾಮು, ಅಂಗಡಿಯವನ ಪಾಲು ಕಳೆದರೆ ನಿಮ್ಮ ಅರ್ಧದಲ್ಲಿ ಏನೂ ಮಿಗುವುದಿಲ್ಲ. ಸುಂಕದ ಮಾತು 2025ರಲ್ಲಿ ಎಷ್ಟು ಸಲ ಬದಲಾಯಿತೆಂದು ನೀವೇ ಕಂಡಿದ್ದೀರಿ.

ಆದರೂ ಆಸೆ ಇದ್ದರೆ ಹೀಗೆ ಮಾಡಿ. ಒಂದೇ ಒಂದು ಪಟ್ಟರ್ ಅಚ್ಚು ಮಾಡಿಸಿ; ಅದರ ಅಂಚು ಕಿರಿದು, ಕುಗ್ಗುವಿಕೆ ಹಿಡಿತಕ್ಕೆ ಸಿಗುತ್ತದೆ. ಟಿಪಿಯು ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಬಳಸುವುದಾದರೆ ಡ್ರೈಯರ್ ಇಲ್ಲದೆ ಮುಟ್ಟಬೇಡಿ. ಅದು ಗಾಳಿಯ ತೇವವನ್ನು ಹೀರುತ್ತದೆ, ಜುಲೈ ತಿಂಗಳ ಪೀಣ್ಯದಲ್ಲಿ ತೆರೆದಿಟ್ಟ ಚೀಲದ ದಾನಾ ಹಾಕಿದರೆ ಡಿಸ್ಕ್ ಮೇಲೆ ಬೆಳ್ಳಿಗೆರೆ, ಒಳಗೆ ಗುಳ್ಳೆ. ಅಚ್ಚಿನ ನೀರಿನ ಉಷ್ಣತೆಯನ್ನು ಶಿಫ್ಟಿಗೆ ನಾಲ್ಕು ಸಲ ಬರೆದಿಡಿ. ಬೇಸಿಗೆಯಲ್ಲಿ ಹತ್ತು, ಮಳೆಗಾಲದಲ್ಲಿ ಹತ್ತು, ಚಳಿಗಾಲದಲ್ಲಿ ಹತ್ತು ಡಿಸ್ಕ್ ತೆಗೆದು, ಎರಡು ದಿನ ಆರಲು ಬಿಟ್ಟು, ವ್ಯಾಸ, ತೂಕ, ಉಬ್ಬು, ಅಂಚಿನ ಎತ್ತರ ಅಳೆಯಿರಿ. ಮೂವತ್ತನ್ನೂ ಭಾವಮೈದುನನಿಗೆ ಕಳುಹಿಸಿ, ಯಾವುದು ಯಾವ ಕಾಲದ್ದೆಂದು ಹೇಳದೆ ಎಸೆಯಲು ಹೇಳಿ. ಅವನಿಗೆ ವ್ಯತ್ಯಾಸ ತಿಳಿಯದಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ಬ್ರ್ಯಾಂಡ್ ಬಗ್ಗೆ ಅಲ್ಲ, ಜಾಬ್ ವರ್ಕ್ ಬಗ್ಗೆ ಮಾತಾಡೋಣ.

ಪ್ರ: ಡಿಸ್ಕ್ ಮೇಲೆ ಬರೆದಿರುವ ವೇಗ, ತೇಲಿಕೆ, ತಿರುವು ಎಂಬ ಅಂಕಿಗಳನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆಯೇ?

ಅವು ಪ್ರತಿ ಕಂಪನಿ ತನ್ನ ಡಿಸ್ಕ್‌ಗೆ ತಾನೇ ಕೊಟ್ಟುಕೊಂಡ ಅಂಕಿಗಳು. ಒಂದು ಕಂಪನಿಯ ಒಂಬತ್ತನ್ನು ಇನ್ನೊಂದರ ಒಂಬತ್ತಿಗೆ ಹೋಲಿಸಿ ಜಗಳವಾಡಬೇಡಿ.

ಪ್ರ: ಸೊಟ್ಟಗಾದ ಡಿಸ್ಕ್ ಅನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ನೇರ ಮಾಡಬಹುದು ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ.

ಬೇಡ. ಆ ವಿಡಿಯೊ ಮಾಡಿದವರು ನಿಮ್ಮ ಸುಟ್ಟ ಬೆರಳಿಗೆ ಮದ್ದು ಹಚ್ಚಲು ಬರುವುದಿಲ್ಲ. ಬಿಸಿಲಿಗೆ ಕಾದ ಡಿಸ್ಕ್ ಅನ್ನು ಕೈಯಿಂದ ಮೆಲ್ಲನೆ ಬಾಗಿಸಿ, ಸಮತಟ್ಟು ಜಾಗದಲ್ಲಿ ಆರಲು ಬಿಡಿ.

ಪ್ರ: ಮಗನಿಗೆ ಹನ್ನೆರಡು ವರ್ಷ. ಮುಚ್ಚಿಹೋಗದ ಕಂಪನಿಯ ಡಿಸ್ಕ್ ಕೊಡಿಸಬೇಕೆಂದಿದ್ದೇನೆ. ಯಾವುದು? (ಓದುಗರು, ಡೆಟ್ರಾಯಿಟ್)

ಡಿಸ್ಕ್‌ಗೆ ಸರ್ವಿಸ್ ಸೆಂಟರ್ ಬೇಕಿಲ್ಲ, ಕಂಪನಿ ಮುಚ್ಚಿದರೂ ಅದು ಹಾರುತ್ತದೆ. 150 ಗ್ರಾಂ ಆಸುಪಾಸಿನ ಒಂದು ಪಟ್ಟರ್, ನಡು ದೂರಕ್ಕೆ ಎಸೆಯುವ ಒಂದು ಮಿಡ್‌ರೇಂಜ್ ಕೊಡಿಸಿ. ಡ್ರೈವರ್ ಈಗಲೇ ಬೇಡ. ಹಿಂಬದಿಯಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಪೊದೆಯಲ್ಲಿ ಸಿಕ್ಕಿದವರು ಸಾಮಾನ್ಯವಾಗಿ ಕರೆ ಮಾಡಿ ಮರಳಿಸುತ್ತಾರೆ.